ಆಲೆಮನೆ ಹೊಗೆ, ಹತ್ತಾರು ಶಾಟ್, ಒಂದೇ ನ್ಯೂಕ್ ಸ್ಕ್ರಿಪ್ಟ್: ನನ್ನ ಅನುಭವ

ಮಂಡ್ಯ ಕಡೆ ವಿ.ಸಿ. ನಾಲೆ ಪಕ್ಕದ ಕಬ್ಬಿನ ಗದ್ದೆಯಲ್ಲಿ ಶೂಟ್ ಮಾಡಿದ್ದ ಸೀನ್ ಅದು. ಕಥೆ ಹಳೇ ಕಾಲದ್ದು. ಕರೆಂಟ್ ಕಂಬ, ಮೊಬೈಲ್ ಟವರ್ ತೆಗೆಯಬೇಕು, ದೂರದ ಆಲೆಮನೆಯಿಂದ ಹೊಗೆ ಏಳಿಸಬೇಕು. ಶಾಟ್‌ಗಳು ಹತ್ತಾರು. ಮೈಸೂರಿನ ನಮ್ಮ ಪುಟ್ಟ ತಂಡದಲ್ಲಿ ಕಂಪೋಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರಗಳನ್ನು ಬೆರೆಸಿ ಒಂದೇ ದೃಶ್ಯ ಮಾಡುವ ಕೆಲಸ, ಮಾಡುವವರು ಇಬ್ಬರೇ. ಅದಕ್ಕೆ ಬಳಸುವ ಸಾಫ್ಟ್‌ವೇರ್ ನ್ಯೂಕ್.

ಶಾಟ್‌ಗೊಂದು ಸ್ಕ್ರಿಪ್ಟ್ (ನ್ಯೂಕ್‌ನ ಪ್ರಾಜೆಕ್ಟ್ ಫೈಲ್) ಇಟ್ಟುಕೊಂಡರೆ ಏನಾಗುತ್ತದೆ ಅಂತ ಈ ಕೆಲಸದಲ್ಲಿರುವವರಿಗೆ ಗೊತ್ತೇ ಇದೆ, ಅಲ್ವಾ? ನಿರ್ದೇಶಕರು "ಹೊಗೆ ಸ್ವಲ್ಪ ಕಮ್ಮಿ ಮಾಡಿ" ಅಂದರೆ ಸಾಕು, ಒಂದೊಂದೇ ಫೈಲ್ ತೆರೆದು ಅದನ್ನೇ ಮಾಡುತ್ತಾ ಕೂರಬೇಕು. ಎಲ್ಲೋ ಒಂದು ಶಾಟ್ ಬಿಟ್ಟುಹೋದರೂ ಎಡಿಟ್‌ನಲ್ಲಿ ಹೊಗೆ ಜಿಗಿದಂತೆ ಕಾಣುತ್ತದೆ.

2025ರಲ್ಲಿ ಬಂದ ನ್ಯೂಕ್ 16ರಲ್ಲಿ ಗ್ರಾಫ್ ಸ್ಕೋಪ್ ವೇರಿಯಬಲ್ ಸೇರಿಸಿದ್ದಾರೆ. ಅಂದರೆ ಒಂದೇ ಹೆಸರಿಗೆ ಸ್ಕ್ರಿಪ್ಟ್‌ನ ಬೇರೆ ಬೇರೆ ಭಾಗದಲ್ಲಿ ಬೇರೆ ಬೇರೆ ಬೆಲೆ (ವ್ಯಾಲ್ಯೂ) ಕೊಡಬಹುದು. ನ್ಯೂಕ್ ತಯಾರಿಸುವ ಫೌಂಡ್ರಿ ಕಂಪನಿಯದ್ದೇ ಆದ ಕಟಾನಾ ಸಾಫ್ಟ್‌ವೇರ್‌ನಲ್ಲಿ ಲೈಟಿಂಗ್ ಮಾಡಿದವರಿಗೆ ಈ ವಿಚಾರ ಹೊಸದಲ್ಲ. ನಾನು 'ಶಾಟ್' ಅಂತ ಒಂದು ವೇರಿಯಬಲ್ ಮಾಡಿದೆ. ನ್ಯೂಕ್‌ನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ನೋಡ್ ಇರುತ್ತದೆ. ಫೈಲ್ ಓದುವ ರೀಡ್ ನೋಡ್‌ನ ಫೈಲ್ ವಿಳಾಸದಲ್ಲಿ ಶಾಟ್ ಹೆಸರು ಬರುವ ಕಡೆಯೆಲ್ಲ ಅದನ್ನೇ ಹಾಕಿದೆ. ರೆಂಡರ್ ಬರೆಯುವ ರೈಟ್ ನೋಡ್‌ನಲ್ಲೂ ಹಾಕಲೇಬೇಕು. ಇಲ್ಲದಿದ್ದರೆ ಒಂದು ಶಾಟ್‌ನ ರೆಂಡರ್ ಮೇಲೆ ಇನ್ನೊಂದು ಬಂದು ಕೂರುತ್ತದೆ. ವೇರಿಯಬಲ್‌ನ ಬೆಲೆ ಮತ್ತು ಡಿಸ್ಕ್‌ನ ಫೋಲ್ಡರ್ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ.

ಹೊಗೆ ಮಾತ್ರ ಯೋಚನೆಗೆ ಹಚ್ಚಿತು. ನಿಜವಾದ ಆಲೆಮನೆ ಹೊಗೆ ನೋಡಿ: ಕಬ್ಬಿನ ಕಡು ಹಸಿರಿನ ಮುಂದೆ ನೀಲಿಯಾಗಿ ಕಾಣುತ್ತದೆ, ಮೇಲೇರಿ ಬೆಳ್ಳನೆಯ ಆಕಾಶದ ಮುಂದೆ ಬಂದಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲ್ಲ ಶಾಟ್‌ಗೂ ಒಂದೇ ಗ್ರೇಡ್ (ಬಣ್ಣದ ಹೊಂದಾಣಿಕೆ) ಕೊಟ್ಟರೆ ಸುಳ್ಳು ಅಂತ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ 'ಹಿನ್ನೆಲೆ' ಅಂತ ಇನ್ನೊಂದು ವೇರಿಯಬಲ್ ಮಾಡಿ 'ಗದ್ದೆ', 'ಆಕಾಶ' ಅಂತ ಎರಡು ಆಯ್ಕೆ ಇಟ್ಟೆ. ಎರಡು ಗ್ರೇಡ್‌ಗಳನ್ನೂ ವೇರಿಯಬಲ್‌ಸ್ವಿಚ್ ನೋಡ್‌ಗೆ ಜೋಡಿಸಿದೆ. ಬೆಲೆ ನೋಡಿಕೊಂಡು ಸರಿಯಾದ ಇನ್‌ಪುಟ್ಟನ್ನು ಅದೇ ಆರಿಸುತ್ತದೆ.

ಆಮೇಲೆ ಪ್ರತಿ ಶಾಟ್‌ಗೂ ಒಂದು ವೇರಿಯಬಲ್ ಗ್ರೂಪ್. ಒಳಗೆ ಆ ಶಾಟ್‌ನ ಎರಡು ಬೆಲೆಗಳು, ಅದರದೇ ರೋಟೋ (ಬೇಕಾದ ಆಕಾರದ ಸುತ್ತ ಗೆರೆ ಎಳೆದು ಬೇರ್ಪಡಿಸುವುದು), ಟ್ರ್ಯಾಕಿಂಗ್ (ಚಲನೆ ಹಿಂಬಾಲಿಸುವುದು). ಹೊಗೆಯ ಮೂಲ ಸೆಟಪ್ ಹೊರಗೇ ಇರುತ್ತದೆ, ಲಿಂಕ್ ನೋಡ್ ಮೂಲಕ ಗ್ರೂಪ್ ಒಳಗೆ ಬರುತ್ತದೆ. ಮೂಲದಲ್ಲಿ ಒಮ್ಮೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಎಲ್ಲ ಗ್ರೂಪ್‌ಗಳನ್ನೂ ಕಾಂಟ್ಯಾಕ್ಟ್ ಶೀಟ್‌ಗೆ ಕೊಟ್ಟು ಇಡೀ ಸೀನನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಯಾವ ಶಾಟ್‌ನಲ್ಲಿ ಹೊಗೆ ಜಾಸ್ತಿ ಅಂತ ಹುಡುಕಬೇಕಾಗಿಯೇ ಇಲ್ಲ.

ಹಾಗಂತ ಎಲ್ಲದಕ್ಕೂ ವೇರಿಯಬಲ್ ಬೇಡ. ಒಂದೇ ಶಾಟ್‌ನ ಕಂಬ ತೆಗೆಯುವ ಪೇಂಟ್ ಕೆಲಸ ಸುಮ್ನೆ ಆ ಗ್ರೂಪ್ ಒಳಗೇ ಇರಲಿ. ಎರಡು ಮೂರು ಶಾಟ್‌ಗಳಿಗೆ ಒಟ್ಟಿಗೆ ಬದಲಾಗುವಂಥದ್ದು ಮಾತ್ರ ಹೊರಗೆ ಬರಲಿ.

ನಿಮ್ಮ ಹತ್ತಿರ ಹಳೇ ನ್ಯೂಕ್ ಇದ್ದರೂ ಇದನ್ನು ಸ್ವಲ್ಪ ಮಟ್ಟಿಗೆ ಮಾಡಬಹುದು. ಚಿತ್ರಕ್ಕೆ ಏನೂ ಮಾಡದ ಒಂದು ನೋಆಪ್ ನೋಡ್‌ಗೆ ಶಾಟ್ ಸಂಖ್ಯೆಯ ನಾಬ್ (ಸೆಟ್ಟಿಂಗ್) ಸೇರಿಸಿ. ಸ್ವಿಚ್ ನೋಡ್‌ಗಳ 'ವಿಚ್' ನಾಬ್‌ಗೆ ಅದನ್ನು ಎಕ್ಸ್‌ಪ್ರೆಷನ್‌ನಿಂದ (ಸೂತ್ರದಿಂದ) ಜೋಡಿಸಿ. ಇನ್‌ಪುಟ್ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದು ಶಾಟ್‌ಗಳನ್ನು ಜೋಡಿಸಿ.