ಬಾಗಿಲ ಮೈಗೆ ಸಮನಾಗಿ ಜಾರುವ ಗಾಜು: ಡೋರ್ ವಿನ್ಯಾಸದಲ್ಲಿ ನನ್ನ ಅನುಭವ

ಕಾರಿನ ಮುಂಬಾಗಿಲ ಗಾಜಿನ ಮೇಲೆ ಬೆರಳಿಟ್ಟು ಹಾಗೇ ಹಿಂದಕ್ಕೆ ಸರಿಸಿ ನೋಡಿ. ಗಾಜು ಮುಗಿದು ಬಿ-ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬ) ಶುರುವಾಗುವ ಕಡೆ ಬೆರಳು ಒಂದು ಮೆಟ್ಟಿಲು ಹತ್ತುತ್ತದೆ. ಮೊದಲು ರಬ್ಬರ್, ಆಮೇಲೆ ಕಪ್ಪು ಪಟ್ಟಿ. ನಾನು ಅಳೆದು ನೋಡಿದ ಕಾರುಗಳಲ್ಲಿ ಈ ಮೆಟ್ಟಿಲು ಸಾಮಾನ್ಯವಾಗಿ 5 ಮಿ.ಮೀ.ಗಿಂತ ಜಾಸ್ತಿಯೇ ಇರುತ್ತದೆ. ಅದನ್ನು ತೆಗೆದು, ಗಾಜೂ ಪಟ್ಟಿಯೂ ಒಂದೇ ಮಟ್ಟದಲ್ಲಿ ಕೂರುವ ಹಾಗೆ ಮಾಡಿದರೆ ಅದು ಫ್ಲಶ್ ಗ್ಲಾಸ್. ಅಲ್ಲಾಡದ ಗಾಜಾದರೆ ಇದು ಸುಲಭ, ವಿಂಡ್‌ಶೀಲ್ಡ್ ಹಾಗೆ ಅಂಟಿಸಿಬಿಡಬಹುದು. ಮೇಲೆ ಕೆಳಗೆ ಜಾರಬೇಕಾದ ಗಾಜಿನಲ್ಲಿ ಇದನ್ನು ಮಾಡುವುದು ಬೇರೆಯೇ ಲೆಕ್ಕ.

ನಾನು ಬೆಂಗಳೂರಿನಲ್ಲಿ ಕಾರ್ ಬಾಡಿ ವಿನ್ಯಾಸದ ಕೆಲಸದಲ್ಲಿದ್ದೇನೆ. ಅದರಲ್ಲೂ ಡೋರ್‌ಗಳೇ ನನ್ನ ಪಾಲಿಗೆ ಬಂದಿರುವುದು. ಒಂದು ಎಲೆಕ್ಟ್ರಿಕ್ ಕಾರಿನ ಮುಂಬಾಗಿಲಿಗೆ ಫ್ಲಶ್ ಗ್ಲಾಸ್ ಹೇಗೆ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇದು ಕೈಗೆ ಸಿಗಲಿ ಅನ್ನುವುದು ನನ್ನ ಆಸೆ.

ಇದೇನು ಈಗಿನ ಹುಚ್ಚಲ್ಲ. 1982ರಲ್ಲಿ ಬಂದ ಆಡಿ 100 ಕಾರಿನ ಪಕ್ಕದ ಗಾಜುಗಳು ಫ್ಲಶ್ ಆಗಿಯೇ ಇದ್ದವು. ಅದರ ಮೂಲ ಮಾದರಿಯ ಡ್ರ್ಯಾಗ್ ಗುಣಾಂಕ (ಗಾಳಿಯ ತಡೆಯ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 0.30. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಆಗ ಇಂಧನ ಉಳಿಸುವುದು ಮುಖ್ಯವಾಗಿತ್ತು. ಈಗ ಬ್ಯಾಟರಿ ಎಷ್ಟು ದೂರ ಬರುತ್ತದೆ ಅನ್ನುವ ಲೆಕ್ಕದ ಜೊತೆ ಇನ್ನೊಂದು ಸೇರಿಕೊಂಡಿದೆ. ಎಂಜಿನ್ ಸದ್ದು ಇಲ್ಲದ ಕಾರಿನಲ್ಲಿ ಗಾಳಿಯ ಸದ್ದು ನೇರವಾಗಿ ಕಿವಿಗೆ ಬರುತ್ತದೆ. ಚಾಲಕನ ಕಿವಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಇದೇ ಗಾಜು ಅಲ್ವಾ.

ಸಾಮಾನ್ಯ ಡೋರಿನ ಸೆಕ್ಷನ್, ಅಂದರೆ ಅಡ್ಡ ಕೊಯ್ದ ನೋಟ, ನೋಡಿದರೆ ಗಾಜಿನ ಅಂಚು ಯು ಆಕಾರದ ರಬ್ಬರ್ ಚಾನೆಲ್ ಒಳಗೆ ಕೂತಿರುತ್ತದೆ. ಒಳಗಿನಿಂದ ಒಂದು ತುಟಿ, ಹೊರಗಿನಿಂದ ಒಂದು ತುಟಿ. ಫ್ಲಶ್ ಬೇಕು ಅಂದ ತಕ್ಷಣ ಹೊರಗಿನ ತುಟಿ ಹೋಗಲೇಬೇಕು. ನಾನು ಕೆಲಸ ಶುರು ಮಾಡುವುದು ಇಲ್ಲಿಂದ. ಆ ತುಟಿ ಇಷ್ಟು ದಿನ ಏನೇನು ಮಾಡುತ್ತಿತ್ತು ಅಂತ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಗಾಜು ಹೊರಗೆ ಬಾಗದಂತೆ ಹಿಡಿದಿತ್ತು. ಮಳೆನೀರು ತಡೆಯುತ್ತಿತ್ತು. ಗಾಜಿನ ಅಂಚನ್ನು ಮುಚ್ಚುತ್ತಿತ್ತು. ಗಾಜಿನಲ್ಲೂ ಶೀಟ್ ಮೆಟಲ್‌ನಲ್ಲೂ ಬರುವ ಅಳತೆಯ ಹೆಚ್ಚುಕಡಿಮೆಯನ್ನು ಸದ್ದಿಲ್ಲದೆ ನುಂಗಿಕೊಳ್ಳುತ್ತಿತ್ತು. ಅದನ್ನು ಕಿತ್ತು ಹಾಕಿದರೆ ಈ ಒಂದೊಂದು ಕೆಲಸವನ್ನೂ ಇನ್ಯಾರೋ ವಹಿಸಿಕೊಳ್ಳಬೇಕು. ಯಾರು ಅನ್ನುವುದನ್ನು ತೀರ್ಮಾನ ಮಾಡುವುದೇ ಫ್ಲಶ್ ಗ್ಲಾಸ್ ವಿನ್ಯಾಸ.

ಅದಕ್ಕೂ ಮುಂಚೆ ಗಾಜಿನ ಬಾಗು ಸರಿಯಾಗಬೇಕು. ಪಕ್ಕದ ಗಾಜು ಚಪ್ಪಟೆ ಇರುವುದಿಲ್ಲ. ಬಾಗಿದ ಕತ್ತಿ ಒರೆಯೊಳಗೆ ಸಲೀಸಾಗಿ ಇಳಿಯಬೇಕಾದರೆ ಎರಡಕ್ಕೂ ಒಂದೇ ಬಾಗು ಬೇಕು. ಗಾಜೂ ಹಾಗೆಯೇ, ತನ್ನ ಮೈಯ ಮೇಲೆಯೇ ಜಾರಬೇಕು. ಜಾರುವಾಗ ಒಳಕ್ಕೋ ಹೊರಕ್ಕೋ ಸ್ವಲ್ಪ ಸರಿದರೆ ಸಾಮಾನ್ಯ ಡೋರಿನಲ್ಲಿ ರಬ್ಬರ್ ತಾಳಿಕೊಳ್ಳುತ್ತದೆ. ಫ್ಲಶ್‌ನಲ್ಲಿ ಅದು ಕಣ್ಣಿಗೇ ಬೀಳುತ್ತದೆ.

ಹೀಗೆ ಜಾರಬಲ್ಲ ಆಕಾರಗಳು ಕೆಲವೇ. ಗಾಜು ಸಿಲಿಂಡರಿನ ತುಂಡಾದರೆ ಅಕ್ಷದ ಸುತ್ತ ತಿರುಗಬಹುದು, ಅಕ್ಷದ ಉದ್ದಕ್ಕೂ ಸರಿಯಬಹುದು, ಎರಡನ್ನೂ ಸೇರಿಸಿ ಸುರುಳಿ ದಾರಿಯಲ್ಲಿ ಇಳಿಯಬಹುದು. ಮುಂದೆ-ಹಿಂದೆ, ಮೇಲೆ-ಕೆಳಗೆ ಎರಡೂ ಕಡೆಗೆ ಬಾಗಿದ್ದರೆ ನಾವು ಅದನ್ನು ಬ್ಯಾರೆಲ್ ಅನ್ನುತ್ತೇವೆ. ಬ್ಯಾರೆಲ್‌ಗೆ ಇರುವುದು ಒಂದೇ ದಾರಿ, ಅಕ್ಷದ ಸುತ್ತ ತಿರುಗುವುದು. ಅಂದರೆ ಗಾಜಿನ ಪ್ರತಿ ಬಿಂದುವೂ ಅಕ್ಷಕ್ಕೆ ಲಂಬವಾದ ಒಂದು ಸಮತಲದಲ್ಲೇ ಓಡಾಡುತ್ತದೆ. ಹಾಗಾಗಿ ಗಾಜಿನ ಹಿಂದಿನ ಅಂಚು ಆ ಸಮತಲದಲ್ಲೇ ಇರಬೇಕು. ಅದರ ಪಕ್ಕದ ಬಿ-ಪಿಲ್ಲರ್ ಗೆರೆಯೂ ಅಲ್ಲೇ ಇರಬೇಕು.

ಇದು ಗೊತ್ತಿದ್ದರೆ ಸ್ಟೈಲಿಂಗ್‌ನವರ ಜೊತೆ ಮಾತು ಬೇಗ ಮುಗಿಯುತ್ತದೆ. ‘ಸರ್, ಪಿಲ್ಲರನ್ನು ಇನ್ನು ಎರಡೇ ಡಿಗ್ರಿ ಹಿಂದಕ್ಕೆ ವಾಲಿಸೋಣ, ಚೆನ್ನಾಗಿ ಕಾಣುತ್ತೆ’ ಅಂತ ಕೇಳುತ್ತಾರೆ. ಪಿಲ್ಲರ್ ವಾಲಿದರೆ ಅಕ್ಷ ವಾಲಬೇಕು. ಅಕ್ಷ ವಾಲಿದರೆ ಗಾಜಿನ ಮೈ ಬದಲಾಗುತ್ತದೆ. ಆಗ ರೂಫ್ ಗೆರೆಯೂ ಅಲ್ಲಾಡುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ನಾನು ಅವರ ಮೇಲ್ಮೈಯ ಮೇಲಿನ ಬಿಂದುಗಳನ್ನು ತೆಗೆದುಕೊಂಡು, ಅವಕ್ಕೆ ಹತ್ತಿರದ ಬ್ಯಾರೆಲ್ ಕೂರಿಸಿ, ಎಲ್ಲಿ ಎಷ್ಟು ವ್ಯತ್ಯಾಸ ಅಂತ ಬಣ್ಣದಲ್ಲಿ ತೋರಿಸುತ್ತಿದ್ದೆ. ವ್ಯತ್ಯಾಸ 1 ಮಿ.ಮೀ. ಒಳಗೆ ಬಂದಾಗ ಇಬ್ಬರಿಗೂ ಒಪ್ಪಿಗೆಯಾಯಿತು. ಗಾಜು ಕಂಡಾಪಟ್ಟೆ ಬಾಗಿದರೆ ಏನಾಗುತ್ತದೆ ಅನ್ನುವುದಕ್ಕೆ 1991ರ ಸುಬಾರು ಎಸ್‌ವಿಎಕ್ಸ್ ನೋಡಿ. ಇಟಲಿಯ ಕಾರ್ ವಿನ್ಯಾಸಕಾರ ಜೊರ್ಜೆಟ್ಟೊ ಜುಜಾರೊ ಅವರ ವಿನ್ಯಾಸ. ಪಕ್ಕದ ಗಾಜು ರೂಫಿನವರೆಗೂ ಬಾಗಿ ಹೋಗಿದೆ. ಅಷ್ಟು ದೊಡ್ಡ ಬಾಗು ಡೋರ್ ಒಳಗೆ ಇಳಿಯುವುದಿಲ್ಲ. ಹಾಗಾಗಿ ದೊಡ್ಡ ಗಾಜನ್ನು ಕದಲದಂತೆ ಕೂರಿಸಿ, ಅದರೊಳಗಿನ ಒಂದು ಭಾಗ ಮಾತ್ರ ಇಳಿಯುವಂತೆ ಮಾಡಿದರು.

ಈಗ ಹಿಡಿತದ ವಿಷಯ. ಹೊರಗಿನಿಂದ ಹಿಡಿಯುವ ಹಾಗಿಲ್ಲ ಅಂದ ಮೇಲೆ ಒಳಗಿನಿಂದಲೇ ಹಿಡಿಯಬೇಕು. ಗಾಜಿನ ಹಿಂದಿನ ಅಂಚಿನ ಒಳಮುಖಕ್ಕೆ ಎರಡು ಗೈಡ್‌ಗಳನ್ನು ಅಂಟಿಸಿದೆವು. ಒಂದು ಮೇಲಿನ ಮೂಲೆಯ ಹತ್ತಿರ, ಇನ್ನೊಂದು ಬೆಲ್ಟ್ ಲೈನ್ (ಗಾಜು ಡೋರ್ ಒಳಗೆ ಇಳಿಯುವ ಗೆರೆ) ಕೆಳಗೆ. ಎರಡರ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಗಾಜು ವಾಲುವುದು ಕಡಿಮೆ. ಗೈಡ್ ಅಸಿಟಾಲ್ ಪ್ಲಾಸ್ಟಿಕ್‌ನದು. ಅದರ ತಲೆ ಅನೊಡೈಸ್ ಮಾಡಿದ ಅಲ್ಯೂಮಿನಿಯಂ ರೈಲಿನ ತುಟಿಗಳ ಹಿಂದೆ ಸಿಕ್ಕಿಕೊಂಡು ಓಡುತ್ತದೆ. ಒಳಕ್ಕೂ ಬರಲಾರದು, ಹೊರಕ್ಕೂ ಹೋಗಲಾರದು. ರೈಲಿಗೆ ಗ್ರೀಸ್ ಹಾಕಲಿಲ್ಲ. ನಮ್ಮ ರಸ್ತೆಗಳ ಧೂಳಿಗೆ ಗ್ರೀಸ್ ಸೇರಿದರೆ ಅದು ಅರೆಯುವ ಪೇಸ್ಟ್ ಆಗಿಬಿಡುತ್ತದೆ. ಒಣಗಿದ್ದಾಗಲೂ ಜಾರುವ ಜೋಡಿಯನ್ನೇ ಹುಡುಕಿದೆವು.

ಗಾಜಿಗೆ ತೂತು ಕೊರೆದು ಬೋಲ್ಟ್ ಹಾಕಬಹುದಲ್ಲ ಅಂತ ಹಲವರು ಕೇಳುತ್ತಾರೆ. ಟೆಂಪರ್ ಆದ ಮೇಲೆ, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಮೇಲೆ, ಗಾಜನ್ನು ಕೊರೆಯಲು ಆಗುವುದಿಲ್ಲ, ಇಡೀ ಗಾಜು ಪುಡಿಯಾಗುತ್ತದೆ. ಮೊದಲೇ ಕೊರೆಯಬಹುದು ಸರಿ, ಆದರೆ ಹೊರಗೆ ಬೋಲ್ಟ್ ತಲೆ ಕಂಡರೆ ಫ್ಲಶ್ ಮಾಡಿದ್ದಕ್ಕೆ ಅರ್ಥವೇನು? ಹಾಗಾಗಿ ಅಂಟೇ ಗತಿ. ಪಾಲಿಯುರಿಥೇನ್ ಅಂಟಿಗೆ ಬಿಸಿಲು ಆಗಿಬರುವುದಿಲ್ಲ. ಪಿಲ್ಲರ್ ಮೇಲಿನ ಪಟ್ಟಿಯಲ್ಲದೆ, ಗಾಜಿನ ಅಂಚಿನಲ್ಲೇ ಒಂದು ಕಪ್ಪು ಬಣ್ಣ ನೋಡಿರುತ್ತೀರಿ. ಅದು ಪೇಂಟ್ ಅಲ್ಲ. 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕುಲುಮೆಯಲ್ಲಿ ಗಾಜಿಗೇ ಬೆಸೆದ ಸೆರಾಮಿಕ್ ಶಾಯಿ. ಅಂಟನ್ನು ಬಿಸಿಲಿನಿಂದ ಕಾಯುವುದೂ, ಗೈಡನ್ನು ಹೊರಗಿನವರ ಕಣ್ಣಿನಿಂದ ಮರೆಮಾಡುವುದೂ ಆ ಶಾಯಿಯೇ.

ಈ ಹಿಡಿತ ಎಷ್ಟು ಗಟ್ಟಿ ಇರಬೇಕು? ಕಾರು ಓಡುವಾಗ ಪಕ್ಕದ ಗಾಜನ್ನು ಗಾಳಿ ಒಳಕ್ಕೆ ಒತ್ತುತ್ತದೆ ಅಂತ ಅಂದುಕೊಳ್ಳುವವರೇ ಜಾಸ್ತಿ. ಆಗುವುದು ಉಲ್ಟಾ. ಎ-ಪಿಲ್ಲರ್ (ವಿಂಡ್‌ಶೀಲ್ಡ್ ಪಕ್ಕದ ಕಂಬ) ಮೂಲೆಯಲ್ಲಿ ಗಾಳಿ ವೇಗವಾಗಿ ತಿರುಗಿ ಹೋಗುವಾಗ ಹೊರಗಿನ ಒತ್ತಡ ಇಳಿಯುತ್ತದೆ, ಗಾಜು ಹೊರಕ್ಕೆ ಸೆಳೆಯಲ್ಪಡುತ್ತದೆ. ಗಂಟೆಗೆ 120 ಕಿ.ಮೀ. ವೇಗದಲ್ಲಿ ಗಾಳಿಯ ಚಲನೆಯ ಒತ್ತಡ ಸುಮಾರು 670 ಪಾಸ್ಕಲ್. ಅಷ್ಟೇ ಪ್ರಮಾಣದ ಸೆಳೆತ ಇಡೀ ಗಾಜಿನ ಮೇಲಿದೆ ಅಂತ ಹಿಡಿಯಿರಿ. 0.3 ಚದರ ಮೀಟರ್ ಗಾಜಿಗೆ 200 ನ್ಯೂಟನ್, ಅಂದರೆ ಹತ್ತಿರ ಹತ್ತಿರ 20 ಕೆ.ಜಿ. ತೂಕದ ಎಳೆತ. ವೇಗ ದುಪ್ಪಟ್ಟಾದರೆ ಇದು ನಾಲ್ಕು ಪಟ್ಟು. ಒಳಗಿನ ಸೀಲ್ ಗಾಜಿಗೆ ಒಳಗಿನಿಂದ ಒರಗಿರುತ್ತದೆ, ಗಾಜು ಹೊರಕ್ಕೆ ಸರಿದಷ್ಟೂ ಅದರ ಹಿಡಿತ ಸಡಿಲ. ಸಡಿಲವಾದ ಕಡೆಯಿಂದ ಸುಂಯ್ ಅಂತ ಗಾಳಿ ಶುರುವಾಗುತ್ತದೆ. ನನ್ನ ಮಟ್ಟಿಗೆ ಫ್ಲಶ್ ಗ್ಲಾಸ್‌ನಲ್ಲಿ ಮೊದಲು ಮಾಡಬೇಕಾದ ಲೆಕ್ಕ ಇದು. ಆಮೇಲೆ ಸೀಲಿನ ಆಕಾರ, ಆಮೇಲೆ ಉಳಿದದ್ದು.

ಅಳತೆಯ ಹೆಚ್ಚುಕಡಿಮೆಯ ವಿಷಯದಲ್ಲಿ ನನಗೆ ತುಂಬ ಖುಷಿ ಕೊಟ್ಟ ಕೆಲಸ ಒಂದಿದೆ. ನಮ್ಮ ಗಾಜಿನ ದಪ್ಪ 3.85 ಮಿ.ಮೀ., ಅದರಲ್ಲಿ 0.2 ಆಚೀಚೆ ಆಗಬಹುದು. ಬಾಗಿನಲ್ಲಿ ಇನ್ನೊಂದಿಷ್ಟು. ವೆಲ್ಡಿಂಗ್ ಆದ ಡೋರ್ ಫ್ರೇಮಿನಲ್ಲಿ ಅದಕ್ಕಿಂತ ಜಾಸ್ತಿ. ಎಲ್ಲವನ್ನೂ ಕೂಡಿದರೆ ಗಾಜೂ ಪಟ್ಟಿಯೂ ಒಂದೇ ಮಟ್ಟಕ್ಕೆ ಬರುವುದು ಅದೃಷ್ಟದ ಮಾತಾಗುತ್ತದೆ. ಹಾಗಾಗಿ ಈ ಸರಪಳಿಯಲ್ಲಿ ಕೊಂಡಿಗಳನ್ನೇ ಕಡಿಮೆ ಮಾಡಿದೆವು. ಗೈಡ್ ಅಂಟಿಸುವಾಗ ಅಳತೆ ತಪ್ಪದಂತೆ ಹಿಡಿಯುವ ಚೌಕಟ್ಟು, ಅಂದರೆ ಜಿಗ್‌ನಲ್ಲಿ ಗಾಜನ್ನು ಹೊರಮುಖದ ಮೇಲೆ ಕೂರಿಸಿದೆವು. ಹೊರಮುಖದಿಂದ ಗೈಡಿನ ತಲೆಗೆ ಇರುವ ದೂರವನ್ನು ಜಿಗ್ಗೇ ಕಾಯುತ್ತದೆ. ದಪ್ಪದ ವ್ಯತ್ಯಾಸವೆಲ್ಲ ಅಂಟಿನ ಪದರದೊಳಗೆ ಮುಗಿದುಹೋಗುತ್ತದೆ. ಹೊರಗಿನ ಕಪ್ಪು ಪಟ್ಟಿಯನ್ನು ಡೋರ್ ಫ್ರೇಮಿಗೆ ಕಟ್ಟಲಿಲ್ಲ, ಗೈಡ್ ಓಡುವ ಅದೇ ರೈಲಿಗೆ ಕೂರಿಸಿದೆವು. ಈಗ ಗಾಜಿನಿಂದ ಗೈಡ್, ಗೈಡಿನಿಂದ ರೈಲು, ರೈಲಿನಿಂದ ಪಟ್ಟಿ. ಅಷ್ಟೇ. ಫ್ರೇಮ್ ಸ್ವಲ್ಪ ಆಚೀಚೆ ಆದರೂ ಗಾಜೂ ಪಟ್ಟಿಯೂ ಜೊತೆಯಾಗೇ ಸರಿಯುತ್ತವೆ, ಅವೆರಡರ ನಡುವೆ ಮೆಟ್ಟಿಲು ಹುಟ್ಟುವುದಿಲ್ಲ.

ರೈಲನ್ನು ಎರಡು ತುಂಡಾಗಿ ಮಾಡಿದರೆ ಖರ್ಚು ಕಡಿಮೆ, ಬೆಲ್ಟ್ ಲೈನ್ ಹತ್ತಿರ ಜೋಡಿಸಿದರೆ ಅನುಕೂಲ ಅನ್ನುವ ಸಲಹೆಯೂ ಬಂದಿತ್ತು. ಮಾದರಿ ರೈಲಿನ ಮೇಲೆ ಗೈಡನ್ನು ಕೈಯಿಂದಲೇ ಓಡಿಸಿ ನೋಡಿದೆ. ಜೋಡಣೆ ಇರುವ ಕಡೆ ಉಗುರಿಗೆ ಮಾತ್ರ ಗೊತ್ತಾಗುವಷ್ಟು ಸಣ್ಣ ಏರು. ಅಷ್ಟಕ್ಕೇ ಬೆರಳಿಗೆ ‘ಟಕ್’ ಅಂತ ತಗಲುತ್ತಿತ್ತು. ಖಾಲಿ ಡೋರ್ ಒಂದು ದೊಡ್ಡ ಡಬ್ಬ. ಅದರೊಳಗೆ ಆ ಸದ್ದು ಇನ್ನೂ ಜೋರು. ಹಾಗಾಗಿ ಗೈಡ್ ಓಡುವಷ್ಟು ಉದ್ದವೂ ಒಂದೇ ತುಂಡಿನ ರೈಲು ಅಂತ ಪಟ್ಟು ಹಿಡಿದೆ. ಖರ್ಚಿನವರು ಗೊಣಗಿದರು, ಆಮೇಲೆ ಡೋರ್ ಪಕ್ಕ ನಿಂತು ಸದ್ದು ಕೇಳಿ ಒಪ್ಪಿದರು.

ಮಳೆನೀರಿನ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ. ಹೊರಗಿನ ಸಂದಿಯಲ್ಲೇ ನೀರನ್ನು ಪೂರ್ತಿ ತಡೆಯುತ್ತೇನೆ ಅಂತ ಹೊರಡಬಾರದು. ಗಾಜಿನ ಅಂಚಿಗೂ ಪಟ್ಟಿಗೂ ನಡುವೆ ಸಂದಿ ಇದ್ದೇ ಇರುತ್ತದೆ. ಅಲ್ಲಿ ತೆಳುವಾದ ಒಂದು ಇಪಿಡಿಎಂ ರಬ್ಬರ್ ತುಟಿ ಕೊಟ್ಟೆವು, ಅದು ಗಾಳಿ ನುಗ್ಗದಿರಲಿ ಅಂತ. ನೀರು ಅದನ್ನು ದಾಟಿದರೆ ದಾಟಲಿ, ರೈಲಿನ ಪಕ್ಕದ ಕಾಲುವೆಯಲ್ಲಿ ಕೆಳಗಿಳಿದು ಡೋರ್ ಒಳಗೆ ಹೋಗಲಿ. ಡೋರ್ ಒಳಭಾಗ ಎಲ್ಲ ಕಾರಿನಲ್ಲೂ ಒದ್ದೆಯಾಗುವ ಜಾಗವೇ, ಅದಕ್ಕೇ ತಳದಲ್ಲಿ ತೂತುಗಳಿರುವುದು. ಕ್ಯಾಬಿನ್‌ಗೆ ಬರದಂತೆ ನೋಡಿಕೊಳ್ಳುವುದು ಒಳಗಿನ ಸೀಲಿನ ಕೆಲಸ. ಆಗುಂಬೆಯ ಮಳೆಯಲ್ಲಿ ನಿಲ್ಲಿಸಿದ ಕಾರಿಗೂ ಈ ಎರಡು ಸಾಲಿನ ಕಾವಲು ಸಾಕು.

ಅಂಚು ಈಗ ಬಯಲಿಗೆ ಬಂತು. ಸಾಮಾನ್ಯ ಡೋರಿನಲ್ಲಿ ಹಿಂದಿನ ಅಂಚು ರಬ್ಬರ್ ಒಳಗೆ ಅಡಗಿರುತ್ತದೆ. ಇಲ್ಲಿ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಡ್ರಾಯಿಂಗ್‌ನಲ್ಲಿ ದುಂಡಗೆ ಉಜ್ಜಿದ ಅಂಚು ಬೇಕು, ಸಣ್ಣ ಚೂರು ಎದ್ದಿರುವುದೂ ನಡೆಯುವುದಿಲ್ಲ ಅಂತ ಬರೆದೆವು. ಗಾಜಿನವರಿಗೆ ಇದು ಹೆಚ್ಚಿನ ಕೆಲಸ. ಮೊದಲೇ ಕೂತು ಮಾತಾಡಿದರೆ ಮಾಡಿಕೊಡುತ್ತಾರೆ.

ಪವರ್ ವಿಂಡೋ ನಿಯಮವನ್ನೂ ಮರೆಯುವಂತಿಲ್ಲ. ವಿಶ್ವಸಂಸ್ಥೆಯ ಆರ್21 ನಿಯಮದ ಪ್ರಕಾರ, ತಾನಾಗೇ ಹಿಂತಿರುಗುವ ಗಾಜು ಏನಾದರೂ ಸಿಕ್ಕಿಕೊಂಡಾಗ 100 ನ್ಯೂಟನ್‌ಗಿಂತ ಜಾಸ್ತಿ ಒತ್ತುವ ಮುಂಚೆಯೇ ಹಿಂದೆ ಸರಿಯಬೇಕು. 4ರಿಂದ 200 ಮಿ.ಮೀ. ತೆರವಿನಲ್ಲಿ ಇದನ್ನು ಪರೀಕ್ಷಿಸುತ್ತಾರೆ. ಮಗುವಿನ ಬೆರಳು ಸಿಕ್ಕುವ ಜಾಗ ಅದೇ. ಗೈಡ್ ಬಿಗಿಯಾದರೆ ಮೋಟರಿಗೆ ಅದೂ ಅಡ್ಡಿಯಂತೆಯೇ ಕಾಣುತ್ತದೆ, ಸುಮ್ನೆ ಸುಮ್ನೆ ಗಾಜು ಕೆಳಗಿಳಿಯುತ್ತದೆ. ಆದ್ದರಿಂದ ತಿಕ್ಕಾಟ ಕಡಿಮೆ ಇದ್ದರಷ್ಟೇ ಸಾಲದು, ಚಳಿಯಲ್ಲೂ ಸೆಖೆಯಲ್ಲೂ ಧೂಳಿನಲ್ಲೂ ಹೆಚ್ಚು ಬದಲಾಗದೆ ಇರಬೇಕು. ಡೋರನ್ನು ಬಿಸಿ ಕೋಣೆಯಲ್ಲಿಟ್ಟು, ತಣ್ಣಗಿನ ಕೋಣೆಯಲ್ಲಿಟ್ಟು, ಧೂಳು ಊದಿ, ಪ್ರತಿ ಸಲವೂ ಮೋಟರ್ ಎಳೆಯುವ ಕರೆಂಟಿನ ಗೆರೆ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆವು.

ವಿನ್ಯಾಸ ಮುಗಿಸುವ ಮೊದಲು ನಾನು ಒಂದು ಗ್ಯಾರೇಜಿಗೂ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್‌ಗೆ ಪ್ಲಾಸ್ಟಿಕ್‌ನಲ್ಲಿ ಮುದ್ರಿಸಿದ ಡೋರ್ ಸೆಕ್ಷನ್ ತೋರಿಸಿದೆ. ಅವರು ಗೈಡನ್ನು ರೈಲಿನೊಳಗೆ ಎರಡು ಸಲ ಜಾರಿಸಿ, ‘ಸಾರ್, ಗ್ಲಾಸ್ ಒಡೆದೋದ್ರೆ ನಾನು ಇದನ್ನ ಎಲ್ಲಿಂದ ಒಳಗೆ ಹಾಕ್ಲಿ?’ ಅಂದರು. ಸಾಮಾನ್ಯ ಗಾಜನ್ನು ಮೇಲಿನಿಂದ ವಾಲಿಸಿ ಚಾನೆಲ್‌ಗೆ ಸೇರಿಸಬಹುದು. ಗೈಡ್ ಅಂಟಿದ ಗಾಜಿಗೆ ಆ ಸ್ವಾತಂತ್ರ್ಯ ಇಲ್ಲ. ರೈಲಿನ ಕೆಳತುದಿಯಲ್ಲಿ, ಗೈಡ್ ದಿನನಿತ್ಯ ತಲುಪದ ಜಾಗದಲ್ಲಿ, ತುಟಿ ಕತ್ತರಿಸಿ ಬಾಯಿ ಬಿಟ್ಟೆವು. ಅದಕ್ಕೆ ಬೆರಳಿನಿಂದ ತೆಗೆಯಬಹುದಾದ ಒಂದು ಮುಚ್ಚಳ. ಬದಲಿ ಗಾಜು ಗೈಡ್ ಅಂಟಿಸಿಯೇ ಬರಬೇಕು ಅಂತ ಬಿಡಿಭಾಗದ ಪಟ್ಟಿಯಲ್ಲೂ ಬರೆಸಿದೆ. ಗ್ಯಾರೇಜಿನಲ್ಲಿ ಜಿಗ್ ಇಲ್ಲದೆ ಅಂಟಿಸಿದರೆ ಮೆಟ್ಟಿಲು ವಾಪಸ್ ಬಂದುಬಿಡುತ್ತದೆ.

ಈಗ ಹಿಂಬಾಗಿಲಿನ ಕೆಲಸ ನಡೆಯುತ್ತಿದೆ. ಅದು ಇನ್ನೂ ಕಷ್ಟ. ಚಕ್ರದ ಕಮಾನು ಡೋರಿನ ಹಿಂಭಾಗವನ್ನು ಕೊಚ್ಚಿಕೊಂಡು ಹೋಗಿರುತ್ತದೆ, ರೈಲಿಗೆ ಬೆಲ್ಟ್ ಲೈನ್ ಕೆಳಗೆ ಉದ್ದವೇ ಸಿಗುವುದಿಲ್ಲ. ಎರಡು ಗೈಡ್‌ಗಳನ್ನೂ ಮುಂದಿನ ಅಂಚಿಗೆ, ಬಿ-ಪಿಲ್ಲರ್ ಕಡೆಗೆ ತಂದು, ಹಿಂದಿನ ಅಂಚನ್ನು ಚಿಕ್ಕ ಸ್ಥಿರ ಗಾಜಿನ ಪಕ್ಕದ ಕಂಬದಲ್ಲಿ ಹಿಡಿಯಬಹುದೇ ಅಂತ ಸದ್ಯಕ್ಕೆ ಸೆಕ್ಷನ್ ಬರೆಯುತ್ತಿದ್ದೇವೆ.