ಪಾಲಾಗದ ತೋಟವನ್ನು ಆಸ್ತಿ ವಿವರದಲ್ಲಿ ತೋರಿಸಿದ ಬಗೆ

ಕರ್ನಾಟಕ ಲೋಕಾಯುಕ್ತ ಅಧಿನಿಯಮ, 1984ರ 22ನೇ ಪ್ರಕರಣದಂತೆ ನಗರಪಾಲಿಕೆ ಸದಸ್ಯರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಹಾಗೂ ಕುಟುಂಬದ ಆಸ್ತಿ ಮತ್ತು ಹೊಣೆಗಾರಿಕೆಗಳ ವಿವರವನ್ನು ಲೋಕಾಯುಕ್ತರಿಗೆ ಸಲ್ಲಿಸಬೇಕು. ಶಿವಮೊಗ್ಗದಲ್ಲಿ ಸದಸ್ಯನಾಗಿದ್ದ ನನಗೆ ತೊಡಕಾಗಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಅದು ಅಣ್ಣತಮ್ಮಂದಿರಲ್ಲಿ ಇನ್ನೂ ಪಾಲಾಗಿರಲಿಲ್ಲ. ಪಾಲಾಗದ್ದನ್ನು ಬಿಟ್ಟರೂ ನಡೆಯುತ್ತದೆಂದು ಕೆಲವರು ಹೇಳಿದರು. ನನಗದು ಸರಿಯೆನಿಸಲಿಲ್ಲ, ಮತ ಕೊಟ್ಟವರಿಗೆ ತಿಳಿಯಬೇಕಾದ್ದೇ ಅದು. ಪಹಣಿ ತೆಗೆಸಿ ನೋಡಿದಾಗ 9ನೇ ಕಾಲಂನಲ್ಲಿ ನಮ್ಮೆಲ್ಲರ ಹೆಸರು ಜಂಟಿಯಾಗಿಯೂ, 11ನೇ ಕಾಲಂನಲ್ಲಿ ಸಹಕಾರ ಸಂಘದ ಸಾಲವೂ ದಾಖಲಾಗಿದ್ದವು. ಆದ್ದರಿಂದ ಸರ್ವೆ ನಂಬರು ಹಾಗೂ ಒಟ್ಟು ವಿಸ್ತೀರ್ಣವನ್ನು ಬರೆದು, ‘ಅವಿಭಕ್ತ, ಮೂರರಲ್ಲಿ ಒಂದು ಪಾಲು’ ಎಂದು ನಮೂದಿಸಿ, ಸಾಲದಲ್ಲಿ ನನ್ನ ಭಾಗವನ್ನು ಹೊಣೆಗಾರಿಕೆಯಲ್ಲಿ ತೋರಿಸಿ, ಪಹಣಿಯ ಪ್ರತಿಯನ್ನು ಲಗತ್ತಿಸಿದೆ. ಪತ್ನಿಯ ಒಡವೆಗಳ ತೂಕವನ್ನೂ ಬರೆದೆ. ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದು ಕಡತದಲ್ಲಿಟ್ಟಿದ್ದೇನೆ.