ತನಾಖಾ: ಡಬ್ಬಿ ಪುಡಿ ಬಿಟ್ಟು ಕೊರಡು ಹಿಡಿದ ಮೇಲೆ ಆದದ್ದು

ಮೊದಲೇ ಹೇಳಿಬಿಡುತ್ತೇನೆ, ತನಾಖಾ, ಅಂದರೆ ಮ್ಯಾನ್ಮಾರ್‌ನವರು ಮರದ ಕೊರಡನ್ನು ನೀರಲ್ಲಿ ತೇಯ್ದು ಬಿಸಿಲಿಗೆ ಹಚ್ಚಿಕೊಳ್ಳುವ ಲೇಪ, ಕೆಲಸ ಮಾಡುತ್ತದೆ. ನನ್ನ ಹಾಗೇ ಮನೆಯಲ್ಲಿ ಸೋಪು, ಫೇಸ್‌ಪ್ಯಾಕ್ ಮಾಡಿ ಮಾರುವ ಗೆಳತಿಯರು "ಕಟ್ಟಿಗೆ ತೇಯ್ದು ಬಳ್ಕೊಂಡ್ರೆ ಬಿಸಿಲು ನಿಲ್ಲುತ್ತಾ, ಸುಮ್ನಿರೇ" ಅಂತ ನಕ್ಕಿದ್ದರು. ಅವರೆಲ್ಲ ನೋಡಿದ್ದು ಡಬ್ಬಿಯಲ್ಲಿ ಬರುವ ಪುಡಿ. ನಾನೂ ಎರಡು ಮೂರು ಕಡೆಯಿಂದ ತರಿಸಿ, ಸಾವಿರಕ್ಕೂ ಜಾಸ್ತಿ ಕಳೆದಿದ್ದೆ. ನೀರಲ್ಲಿ ಕಲಸಿ ಹಚ್ಚಿದರೆ ಹತ್ತು ನಿಮಿಷಕ್ಕೆ ಒಣಗಿ, ಬಾಯಿ ತೆರೆದರೆ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಪನ್ನೀರು ಹಾಕಿ ನೋಡಿದೆ, ಅಲೋವೆರಾ ಹಾಕಿ ನೋಡಿದೆ, ಜೇನುತುಪ್ಪವನ್ನೂ ಬಿಡಲಿಲ್ಲ. ಜೇನಿನದ್ದು ಉದುರಲಿಲ್ಲ, ಆದರೆ ಇರುವೆ ಬಂತು.

2019ರ ಕೊನೆಯಲ್ಲಿ ಮ್ಯಾನ್ಮಾರ್‌ಗೆ ಹೋದೆ. ಮನೆಯವರಿಗೆ ಬಗಾನ್ ದೇವಾಲಯಗಳು, ನನಗೆ ಈ ಕೊರಡು. ಅಲ್ಲಿ ಇಳಿದ ತಕ್ಷಣ ಕಾಣುತ್ತೆ, ಹಣ್ಣು ಮಾರುವವರು, ಬ್ಯಾಂಕಿನ ಹುಡುಗಿಯರು, ಸ್ಕೂಲಿಗೆ ಹೊರಟ ಮಕ್ಕಳು, ಗದ್ದೆ ಕೆಲಸದ ಗಂಡಸರು ಕೂಡ, ಎಲ್ಲರ ಕೆನ್ನೆ ಮೇಲೂ ತಿಳಿ ಹಳದಿ ಬಣ್ಣದ ಪಟ್ಟೆ. ಯಾರದ್ದೂ ಉದುರಿರಲಿಲ್ಲ.

ಮಂಡಾಲೆಯಲ್ಲಿ ಪ್ರವಾಸಿಗಳ ಅಂಗಡಿಯೊಂದರಲ್ಲಿ ನುಣ್ಣಗೆ ಹೊಳೆಯುವ ಕೊರಡು ಕೊಂಡೆ. ಎಂಟು ಸಾವಿರ ಕ್ಯಾಟ್ ಇರಬೇಕು. ಆಗ ರೂಪಾಯಿಗೆ ಸುಮಾರು 20 ಕ್ಯಾಟ್, ಅಂದರೆ ನಾನೂರು ರೂಪಾಯಿ. ರೂಮಿಗೆ ಬಂದು ತೇಯ್ದರೆ ಬರೀ ನೀರು. ಹೊಳಪು ಬರಿಸುವಾಗ ತೊಗಟೆಯನ್ನೇ ಕೆತ್ತಿ ತೆಗೆದಿದ್ದರು. ತನಾಖಾದಲ್ಲಿ ತೊಗಟೆಯೇ ಮಾಲು, ಒಳಗಿನ ಕಟ್ಟಿಗೆ ಹೆಚ್ಚು ಕಮ್ಮಿ ಹಿಡಿಕೆ ಅಷ್ಟೇ. ಗಂಧದಲ್ಲಿ ನಮಗೆ ಚೇಗು ಮುಖ್ಯ ಅಲ್ವಾ, ಇಲ್ಲಿ ಲೆಕ್ಕ ಉಲ್ಟಾ.

ಆಮೇಲೆ ಬಗಾನ್ ಪಕ್ಕದ ನ್ಯಾಂಗ್ ಊ ಸಂತೆಯಲ್ಲಿ ಎರಡು ಸಾವಿರ ಕ್ಯಾಟ್‌ಗೆ ಒರಟು ತೊಗಟೆಯ ಗೇಣುದ್ದದ ತುಂಡು ಸಿಕ್ಕಿತು. ಶ್ವೇಬೋ ಕಡೆಯದೇ ಶ್ರೇಷ್ಠ ಅನ್ನುವವರು ಒಬ್ಬರು, ಪಕೊಕ್ಕು ಹತ್ತಿರದ ಶಿನ್ಮಡೌಂಗ್ ಬೆಟ್ಟದ್ದೇ ಬೇಕು ಅನ್ನುವವರು ಇನ್ನೊಬ್ಬರು. ಮರಕ್ಕೆ ಮೂವತ್ತು ಮೂವತ್ತೈದು ವರ್ಷವಾದರೂ ಆಗಿರಬೇಕು ಅನ್ನೋದು ಹಳಬರ ಲೆಕ್ಕ. ನಾನು ಊರು ಕೇಳಲು ಹೋಗಲಿಲ್ಲ. ಉಗುರಿನಿಂದ ಕೆರೆದು, ಕೆಳಗೆ ಕೆನೆಬಣ್ಣ ಕಂಡಿದ್ದನ್ನು, ಕೈಗೆ ಭಾರ ಅನಿಸಿದ್ದನ್ನು ಆರಿಸಿದೆ. ಇನ್ನೊಂದು ಗುರುತು ಇದೆ. ಅದನ್ನು ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ.

ತೇಯುವುದನ್ನು ಕಲಿಸಿದ್ದು ನಾವಿದ್ದ ಗೆಸ್ಟ್‌ಹೌಸಿನ ಅಜ್ಜಿ. ಅವರ ಕಲ್ಲಿಗೆ ಚೌಕ್ ಪ್ಯಿನ್ ಅನ್ನುತ್ತಾರೆ. ದುಂಡು ಕಲ್ಲು, ಅಂಚಿನ ಸುತ್ತ ನೀರು ಇಳಿಯಲು ಕಾಲುವೆ. ನಾನು ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆ ಕೊರಡನ್ನು ನಿಲ್ಲಿಸಿ ತಿರುಗಿಸಿದೆ. ಅಜ್ಜಿ ಮಾತೇ ಆಡದೆ ನನ್ನ ಮಣಿಕಟ್ಟು ಹಿಡಿದು ಕೊರಡನ್ನು ಅಡ್ಡ ಮಲಗಿಸಿದರು, ತೊಗಟೆ ಕಲ್ಲಿಗೆ ತಾಗುವ ಹಾಗೆ. ಬೆರಳ ತುದಿಯಿಂದ ನೀರು ಚಿಮುಕಿಸಿದರು, ಸುರಿಯಲಿಲ್ಲ. ಮೊದಲು ಗರಗರ ಸದ್ದು, ಸ್ವಲ್ಪ ಹೊತ್ತಿಗೆ ಸದ್ದೇ ನಿಂತು ಕೊರಡು ಜಾರತೊಡಗಿತು. ಆಗ ನಿಲ್ಲಿಸಿ, ಕಾಲುವೆಗೆ ಇಳಿದ ತಿಳಿಯನ್ನೂ ನಡುವಿನ ಗಟ್ಟಿಯನ್ನೂ ಬೇರೆ ಬೇರೆ ತೆಗೆದರು. ತಿಳಿ ಮುಖ, ಕತ್ತು, ಕೈಗೆಲ್ಲ. ಅದು ಆರಿದ ಮೇಲೆ ಗಟ್ಟಿಯದ್ದು ಕೆನ್ನೆಗೆ ಮಾತ್ರ. ಪುಡಿಯಲ್ಲಿ ಈ ಎರಡು ಪದರ ನನಗೆ ಯಾವತ್ತೂ ಬಂದಿರಲಿಲ್ಲ, ಉದುರುತ್ತಿದ್ದುದೂ ಅದಕ್ಕೇ.

ಪರೀಕ್ಷೆ ಮಾಡದೆ ಒಪ್ಪೋಳಲ್ಲ ನಾನು. ಬಗಾನ್‌ನಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಸಿಗುವುದು ಇ-ಬೈಕ್, ತಲೆ ಮೇಲೆ ನೆರಳಿಲ್ಲ. ಎಡಗೈಗೆ ತನಾಖಾ, ಬಲಗೈ ಖಾಲಿ. ಮಧ್ಯಾಹ್ನವೆಲ್ಲ ಸುತ್ತಿದೆ, ಒಂದು ವಾರ ಹಾಗೇ. ಬಲಗೈ ಕಪ್ಪಾಗಿ ಚುರುಗುಟ್ಟುತ್ತಿತ್ತು, ಎಡಗೈ ಬಣ್ಣ ಎರಡು ಛಾಯೆಯಾದರೂ ತಿಳಿಯಾಗಿತ್ತು. ಜೊತೆಗೆ ಬಂದಿದ್ದ ತಂಗಿ ತಿಳಿ ಹಚ್ಚದೆ ಚಂದಕ್ಕೆ ಕೆನ್ನೆಗೆ ದುಂಡು ಬೊಟ್ಟು ಮಾತ್ರ ಇಟ್ಟುಕೊಂಡಿದ್ದಳು. ಮುಖವೆಲ್ಲ ಕಂದು, ಕೆನ್ನೆಯಲ್ಲಿ ಎರಡು ಬಿಳಿ ಚಂದ್ರ. ಅವಳಿಗೆ ಸಿಟ್ಟು, ನನಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಿರಲಿಲ್ಲ. ತೊಗಟೆಯಲ್ಲಿ ಮಾರ್ಮೆಸಿನ್ ಅನ್ನುವ ಅಂಶವಿದೆ, ಅದು ಅಲ್ಟ್ರಾವಯಲೆಟ್ ಕಿರಣ ಹೀರಿಕೊಳ್ಳುತ್ತೆ. ಹಾಗಂತ ಸನ್‌ಸ್ಕ್ರೀನ್ ಎಂದು ಹೆಸರಿಟ್ಟು ಮಾರಬೇಡಿ. ಪದರ ಎಷ್ಟು ದಪ್ಪ ಅನ್ನುವುದರ ಮೇಲೆ ಎಲ್ಲ ನಿಂತಿದೆ, ಮತ್ತೆ ಬೆವರಿನ ಮೇಲೆ. ಯಾಂಗೋನ್‌ಗೆ ಬಂದ ಮೇಲೆ ಅರ್ಧ ಗಂಟೆಗೆ ಮುಖದ ತನಾಖಾ ಬೆವರಿಗೆ ಕುತ್ತಿಗೆ ತನಕ ಇಳಿದು ಕುಪ್ಪಸ ಹಾಳಾಯಿತು.

ಮಧ್ಯೆ ತಲೆಸ್ನಾನದ ಕಡೆ ಹೊರಳಿದೆ. ಅಲ್ಲಿ ತಯಾ ಅನ್ನುವ ಮರದ ತೊಗಟೆಯನ್ನೂ ಕಿನ್‌ಪುನ್ ಕಾಯಿಯನ್ನೂ ಸೇರಿಸಿ ತಲೆಗೆ ಹಾಕುತ್ತಾರೆ. ಏಪ್ರಿಲ್‌ನ ಹೊಸವರ್ಷಕ್ಕೆ ನಮ್ಮ ಎಣ್ಣೆಸ್ನಾನದಷ್ಟೇ ಮುಖ್ಯ. ಕಾಯಿ ನೋಡಿ ನಗು ಬಂತು, ನಮ್ಮ ಸೀಗೆಕಾಯಿಯೇ! ತೊಗಟೆ ಮಾತ್ರ ಬೇರೆ. ನೀರಲ್ಲಿ ಹಿಚುಕಿದರೆ ಲೋಳೆ ಬಿಡುತ್ತೆ, ಸೀಗೆಯ ಒಣಕಲು ಗುಣವನ್ನು ಅದು ತಗ್ಗಿಸುತ್ತೆ. ಮನೆಗೆ ಬಂದು ಅದರ ಜಾಗಕ್ಕೆ ದಾಸವಾಳದ ಗೊಂಪು ಹಾಕಿದೆ, ಹತ್ತಿರ ಹತ್ತಿರ ಅದೇ ಫಲ. ಸೀಗೆಯನ್ನು ಸೀದಾ ಕುದಿಸಿ ಹಾಕಿಕೊಂಡು ಕೂದಲು ಪೊರಕೆಯಾಯಿತು ಅನ್ನುವವರು ಇದನ್ನು ನೋಡಿ.

ಕಲ್ಲು ತಂದೆ, ಮೂರು ಕೆಜಿ ಹತ್ತಿರ. ಜಾಸ್ತಿ ಲಗೇಜಿಗೆ ಕಟ್ಟಿದ ದುಡ್ಡು ಕಲ್ಲಿನ ಬೆಲೆಗಿಂತ ಹೆಚ್ಚಾಯಿತು. ಕೊರಡು ತರಲಿಲ್ಲ. ಗಿಡಮರದ ಮಾಲಿಗೆ ಬೇಕಾದ ಕಾಗದಪತ್ರದ ರಗಳೆ ನನಗೆ ಬೇಡ. ಬೇಕಾಗಿಯೂ ಇರಲಿಲ್ಲ, ಅದೇ ಮರ ನಮ್ಮ ಒಣ ಕಾಡಿನಲ್ಲೂ ಇದೆ, ನಾಯಿಬೇಲ. ಪರಿಚಯದವರ ತೋಟದ ಬೇಲಿಯಲ್ಲಿ ಗಾಳಿಗೆ ಮುರಿದ ಕೊಂಬೆ ಸಿಕ್ಕಿತು. ಎಳೆಯದಾದ್ದರಿಂದ ಪರಿಮಳ ಅಲ್ಲಿಯದರ ಅರ್ಧವೂ ಇಲ್ಲ, ಆದರೆ ತಿಳಿ ಬರುತ್ತೆ, ಉದುರುವುದಿಲ್ಲ.

ಮಾರಾಟಕ್ಕೆ ಇಳಿದಾಗ ಇನ್ನೊಂದು ತಲೆನೋವು. ತೇಯ್ದ ತನಾಖಾ ಎರಡನೇ ದಿನಕ್ಕೇ ಹುಳಿ ವಾಸನೆ. ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ದಿನ. ಬಿಲ್ಲೆ ಮಾಡಿ ಬಿಸಿಲಲ್ಲಿ ಒಣಗಿಸಿದರೆ ಬಿರುಕು, ನೆರಳಲ್ಲಿ ಒಣಗಿಸಿದರೆ ಬೂಸ್ಟು. ಎರಡು ಸಾವಿರ ರೂಪಾಯಿಯ ಮಾಲು ತಿಪ್ಪೆಗೆ ಹೋದ ಮೇಲೆ ಒಂದು ದಾರಿ ಸಿಕ್ಕಿದೆ. ಕೊನೆಯ ಸಲ ನೀರಿನ ಬದಲು ಬೇರೆ ಒಂದರಲ್ಲಿ ತೇಯುತ್ತೇನೆ, ಅದು ಏನು ಅಂತ ಕೇಳಬೇಡಿ. ಈಗ ಬಿಲ್ಲೆಗೆ ತೊಂಬತ್ತು ರೂಪಾಯಿ, ತಿಂಗಳಿಗೆ ಮೂವತ್ತು ನಲವತ್ತು ಹೋಗುತ್ತವೆ. ನಕ್ಕಿದ್ದ ಗೆಳತಿಯರಲ್ಲಿ ಇಬ್ಬರು ಅದನ್ನೇ ಕೊಳ್ಳುತ್ತಾರೆ, ರಿಯಾಯಿತಿ ಕೇಳಿ.